ನೆಟ್‌ವರ್ಕ್ ಕಾರ್ಡಿಗೂ ಒಂದು ಅಡ್ಡಹೆಸರು ಇರಲಿ

ಹೋದ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟೋ ಕೊನೇ ದಿನ ನಿಮಗೆಲ್ಲ ನೆನಪಿರಬಹುದು. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದೂವರೆವರೆಗೆ ಆಫೀಸಿನ ಕಂಪ್ಯೂಟರುಗಳಲ್ಲಿ ಬಹುತೇಕ ಯಾವುದಕ್ಕೂ ನೆಟ್‌ವರ್ಕ್ ಇರಲಿಲ್ಲ. ಲೈಬ್ರರಿಯಲ್ಲೂ ಅದೇ ಕಥೆ. ಕೌಂಟರ್ ಮುಂದಿನ ಸಾಲು ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡ್ ಮುಟ್ಟಿತ್ತು. ಊರಿಂದ ದುಡ್ಡು ಹೊಂದಿಸಿಕೊಂಡು ಅವತ್ತೇ ಬಂದವರು ಇದ್ರು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬೇಕಾದವರೂ ಇದ್ರು. "ಕರೆಂಟ್ ಹೋಗಿ ಬಂದದ್ದಕ್ಕ ಹಿಂಗಾಗೇತಿ" ಅಂತ ಎಲ್ಲರೂ ಮಾತಾಡಿಕೊಂಡರು. ಕರೆಂಟಿನದು ಅರ್ಧ ತಪ್ಪು. ಉಳಿದ ಅರ್ಧ ನಮ್ಮದು. ಅದನ್ನು ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡೋಕೆ ಇದನ್ನು ಬರೀತಾ ಇದೀವಿ.

ನಾವು ನಾಲ್ವರು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಹೀಗೆ ಒಂದೊಂದು ಊರಿನವರು. ಎರಡು ವರ್ಷದಿಂದ ವಿಭಾಗದ ಲ್ಯಾಬ್ ಸರ್ವರ್ ನೋಡಿಕೊಳ್ತಾ ಇದೀವಿ. ಆ ಸರ್ವರಿಗೆ ನಾಲ್ಕು ನೆಟ್‌ವರ್ಕ್ ಪೋರ್ಟು. ಎರಡು ಬೋರ್ಡಿನ ಮೇಲೇ ಇರೋವು, ಬ್ರಾಡ್‌ಕಾಮ್ ಕಂಪನಿಯವು. ಇನ್ನೆರಡು ಆಮೇಲೆ ಹಾಕಿದ ಇಂಟೆಲ್ ಕಾರ್ಡಿನವು. ಬೋರ್ಡಿನ ಎರಡು ಪೋರ್ಟನ್ನು ಬಾಂಡ್ ಮಾಡಿ, ಅಂದ್ರೆ ಜೋಡಿಸಿ ಒಂದೇ ಪೋರ್ಟಿನಂತೆ ಮಾಡಿ, ಕಾಲೇಜಿನ ಮುಖ್ಯ ನೆಟ್‌ವರ್ಕಿಗೆ ಕೊಟ್ಟಿದ್ದೆವು. ಇಂಟೆಲ್ ಕಾರ್ಡಿನ ಒಂದು ಪೋರ್ಟು ಲ್ಯಾಬಿನ ಸ್ವಿಚ್ಚಿಗೆ. ಅದರ ಮೇಲೆ ಡಿಎಚ್‌ಸಿಪಿ ಓಡ್ತಿತ್ತು, ಲ್ಯಾಬಿನ ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚೋ ಕೆಲಸ. ಇನ್ನೊಂದು ಪೋರ್ಟು ಖಾಲಿ.

ಲಿನಕ್ಸ್ ಹಾಕಿದಾಗ ಈ ಪೋರ್ಟುಗಳಿಗೆ ಬಂದ ಹೆಸರು ಇಎನ್‌ಒ1, ಇಎನ್‌ಒ2, ಇಎನ್‌ಪಿ3ಎಸ್0ಎಫ್0, ಇಎನ್‌ಪಿ3ಎಸ್0ಎಫ್1. ನಮ್ಮ ಲ್ಯಾಬ್ ಮ್ಯಾನ್ಯುಯಲ್ಲಿನಲ್ಲಿ ಮಾತ್ರ ಎಲ್ಲ ಕಡೆ ಈಥ್0, ಈಥ್1. ಸೀನಿಯರ್ಸ್ ಬರೆದಿಟ್ಟ ಸ್ಕ್ರಿಪ್ಟುಗಳಲ್ಲೂ ಈಥ್0. ಹೊಸ ಹೆಸರು ಹಾಕಿ ಎಲ್ಲ ತಿದ್ದೋ ಬದಲು ನಾವು ಸುಲಭದ ದಾರಿ ಹಿಡಿದೆವು. ಗ್ರಬ್ ಫೈಲಿನಲ್ಲಿ 'ನೆಟ್.ಇಫ್‌ನೇಮ್ಸ್=0' ಅಂತ ಒಂದು ಸಾಲು ಸೇರಿಸಿದೆವು. ಹಳೇ ಹೆಸರು ವಾಪಸ್ ಬಂದವು. ಬೋರ್ಡಿನವು ಈಥ್0, ಈಥ್1 ಆದವು, ಇಂಟೆಲ್ ಕಾರ್ಡಿನವು ಈಥ್2, ಈಥ್3. ಮ್ಯಾನ್ಯುಯಲ್ಲಿಗೆ ಹೊಂದಿಕೊಂಡವು. ಕೇಬಲ್ಲುಗಳಿಗೆ ಟೇಪ್ ಸುತ್ತಿ ಮಾರ್ಕರಿನಿಂದ ಹೆಸರನ್ನೂ ಬರೆದೆವು. ಒಂದು ವರ್ಷ ಏನೂ ಆಗಲಿಲ್ಲ.

ಅವತ್ತು ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಸರ್ವರ್ ಮರುಶುರುವಾಯಿತು. ನಡುವೆ ಯಾವಾಗಲೋ ಕರ್ನಲ್ ಅಪ್‌ಡೇಟ್ ಆಗಿತ್ತು, ಆಮೇಲೆ ರೀಬೂಟ್ ಆದದ್ದು ಅದೇ ಮೊದಲು. ಈ ಸಲ ಇಂಟೆಲ್ ಡ್ರೈವರ್ ಮೊದಲು ಎದ್ದಿತು, ಬ್ರಾಡ್‌ಕಾಮ್ ಆಮೇಲೆ. ಇಂಟೆಲ್ ಕಾರ್ಡಿನ ಪೋರ್ಟುಗಳು ಈಥ್0, ಈಥ್1 ಆಗಿ ಕೂತವು. ಬೋರ್ಡಿನವು ಈಥ್2, ಈಥ್3.

ಇದರ ಪರಿಣಾಮ ಯೋಚನೆ ಮಾಡಿ. ಡಿಎಚ್‌ಸಿಪಿಗೆ ನಾವು ಹೇಳಿದ್ದು "ಈಥ್2ರ ಮೇಲೆ ವಿಳಾಸ ಹಂಚು" ಅಂತ. ಅದು ಪ್ರಾಮಾಣಿಕವಾಗಿ ಹಂಚಿತು, ಲ್ಯಾಬಿಗಲ್ಲ, ಇಡೀ ಕಾಲೇಜಿಗೆ. ಕರೆಂಟ್ ಬಂದ ಮೇಲೆ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಎದ್ದು ವಿಳಾಸ ಕೇಳಿದ್ದವು. ಡಿಎಚ್‌ಸಿಪಿಯಲ್ಲಿ ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಡ್ತಾರೋ ಅವರ ಮಾತೇ ನಡೆಯೋದು. ನಮ್ಮ ಸರ್ವರ್ ಬಹಳ ಸಲ ಮೊದಲಾಯಿತು. ಆಫೀಸಿನ ಕಂಪ್ಯೂಟರುಗಳು ಲ್ಯಾಬಿನ ವಿಳಾಸ ಹಿಡಿದುಕೊಂಡು ಎಲ್ಲಿಗೂ ಹೋಗಲಾರದೆ ನಿಂತವು.

ನಾವು ಸರ್ವರ್ ಮುಂದೆ ಕೂತು ನೋಡಿದರೆ ಬಾಂಡ್0 'ಅಪ್' ಅಂತಲೇ ತೋರಿಸ್ತಾ ಇತ್ತು. ಹಿಂಗಾಗಿ ನೆಟ್‌ವರ್ಕ್ ಸರಿ ಇದೆ, ತೊಂದರೆ ಬೇರೆ ಕಡೆ ಇದೆ ಅಂತ ನಾವೂ ಒಂದು ತಾಸು ಅಲೆದೆವು. ಕೊನೆಗೆ ಡಿಎಚ್‌ಸಿಪಿ ಮೇಲೆ ಸಂಶಯ ಬಂತು. ಸರ್ವರ್ ಹಿಂದೆ ನಿಂತಿದ್ದ ಅಟೆಂಡರ್ ಕಾಕಾಗೆ ಕೂಗಿ ಹೇಳಿದೆವು:

"ಕಾಕಾ, ಈಥ್2 ವಾಯರ್ ತಗೀರಿ."

"ತಗದೆ ನೋಡ್ರಿ."

ಆದರೂ ತೊಂದರೆ ಹೋಗಲಿಲ್ಲ. ಮತ್ತೆ ಕೇಳಿದೆವು, "ಖರೇನ ಈಥ್2 ತಗದೀರಿ ಏನ್ ಕಾಕಾ?"

"ನೀವ ಟೇಪ್ ಮ್ಯಾಲ ಬರದೀರಲ್ರಿ, ಅದನ್ನ ಓದೇ ತಗದೇನಿ!"

ಕಾಕಾ ಹೇಳಿದ್ದು ಸರಿ. ಟೇಪಿನ ಮೇಲಿನ ಈಥ್2 ಬೇರೆ, ಅವತ್ತಿನ ಈಥ್2 ಬೇರೆ. ಅವರು ತೆಗೆದದ್ದು ಲ್ಯಾಬಿನ ಕೇಬಲ್ಲು. ಅದು ನಮಗೆ ಹೊಳೆಯೋಕೆ ಇನ್ನೊಂದು ತಾಸು ಬೇಕಾಯಿತು.

ಈಗ ನಮ್ಮ ಮಾತಿಗೆ ಬರ್ತೀವಿ. ಬಂದ ಸರದಿಯ ಮೇಲೆ ಹೆಸರಿಡೋ ಪದ್ಧತಿಯನ್ನು ಸರ್ವರುಗಳಲ್ಲಿ ಬಿಡಬೇಕು. ಒಂದಕ್ಕಿಂತ ಹೆಚ್ಚು ಪೋರ್ಟು ಇರೋ ಯಾವ ಸರ್ವರಿನಲ್ಲೂ 'ನೆಟ್.ಇಫ್‌ನೇಮ್ಸ್=0' ಇರಬಾರದು. ಅದನ್ನು ಕಲಿಸೋ ಲ್ಯಾಬ್ ಮ್ಯಾನ್ಯುಯಲ್ ಬದಲಾಗಬೇಕು.

ಈಥ್0 ಅನ್ನೋದು ನಿಜಕ್ಕೂ ಹೆಸರಲ್ಲ, ಸರದಿ ನಂಬರು. ಕರ್ನಲ್‌ಗೆ ಮೊದಲು ಕಂಡ ಪೋರ್ಟು 0, ಎರಡನೇದು 1. ಹಾಜರಿ ಪುಸ್ತಕದ ಕ್ರಮಸಂಖ್ಯೆ ಇದ್ದಂಗೆ. ಎರಡನೇ ವರ್ಷಕ್ಕೆ ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಯವರು ಬಂದು ಪಟ್ಟಿ ಹೊಸದಾಗಿ ಬರೆದರೆ 17 ಇದ್ದವರು 21 ಆಗ್ತಾರೆ. ಕ್ರಮಸಂಖ್ಯೆ ನಂಬಿ ಯಾರೂ ಮನೆಗೆ ಕಾಗದ ಹಾಕಲ್ಲ. ನಮ್ಮ ಕಡೆ ಅದಕ್ಕೇ ಅಡ್ಡಹೆಸರು ಇರೋದು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಈ ನಾಲ್ಕೂ ಊರಿನ ಹೆಸರು, ನಾಲ್ಕೂ ಅಡ್ಡಹೆಸರು. ಒಂದೇ ಕ್ಲಾಸಿನಲ್ಲಿ ಮೂವರು ಸಂಗಮೇಶ ಇದ್ದರೂ ಸಂಗಮೇಶ ಬೀಳಗಿ ಯಾರು ಅಂತ ಗೊಂದಲ ಆಗಲ್ಲ. ಅವನು ಕ್ಲಾಸಿಗೆ ಮೊದಲು ಬಂದರೂ ಅದೇ ಹೆಸರು, ಕೊನೆಗೆ ಬಂದರೂ ಅದೇ ಹೆಸರು.

ಲಿನಕ್ಸಿನವರಿಗೂ ಈ ತೊಂದರೆ ಬಹಳ ಹಿಂದೇ ಗೊತ್ತಾಗಿತ್ತು. ಮೊದಲ ಉಪಾಯ ಯೂಡೆವ್‌ನದು. ಮೊದಲ ಸಲ ಕಂಡ ಕಾರ್ಡಿನ ಮ್ಯಾಕ್ ವಿಳಾಸವನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಮುಂದಿನ ಸಲವೂ ಅದಕ್ಕೆ ಅದೇ ಈಥ್ ನಂಬರ್ ಕೊಡೋದು. ಕಾರ್ಡ್ ಸುಟ್ಟು ಹೊಸದು ಹಾಕಿದರೆ ಈಥ್0 ಮಾಯವಾಗಿ ಈಥ್1 ಹುಟ್ಟುತ್ತಿತ್ತು. ವರ್ಚುವಲ್ ಮಷೀನ್ ಕಾಪಿ ಮಾಡಿದರೂ ಇದೇ ಗೋಳು. ಮೇಲಾಗಿ ಕರ್ನಲ್ ಹಂಚೋ ಹೆಸರುಗಳ ಗುಂಪಿನೊಳಗೇ ಅದಲು ಬದಲು ಮಾಡೋದು, ಹೀಗಾಗಿ ಎರಡು ಪೋರ್ಟು ಒಂದೇ ಹೆಸರಿಗೆ ಜಗಳಾಡೋದು. ಆಮೇಲೆ ಡೆಲ್ ಕಂಪನಿಯವರು ಬಯೋಸ್‌ಡೆವ್‌ನೇಮ್ ತಂದರು. 2011ರ ಫೆಡೋರಾ 15ರಲ್ಲಿ ಅದು ಬಂತು. ಬೋರ್ಡಿನ ಪೋರ್ಟಿಗೆ ಇಎಂ1, ಸ್ಲಾಟಿನ ಕಾರ್ಡಿಗೆ ಪಿ2ಪಿ1 ಅನ್ನೋ ತರದ ಹೆಸರು. 2013ರ ಜನವರಿಯಲ್ಲಿ ಬಂದ ಸಿಸ್ಟಮ್‌ಡಿ 197ನೇ ಆವೃತ್ತಿ ಅದೇ ವಿಚಾರವನ್ನು ಎಲ್ಲ ಕಂಪನಿಗಳ ಯಂತ್ರಕ್ಕೂ ಹೊಂದೋ ಹಾಗೆ ಮಾಡಿತು. 2014ರ ರೆಡ್‌ಹ್ಯಾಟ್ 7, ಉಬುಂಟು 16.04, 2017ರ ಡೆಬಿಯನ್ 9, ಎಲ್ಲದರಲ್ಲೂ ಇದೇ ಪದ್ಧತಿ ಬಂತು.

ನೋಡೋಕೆ ವಿಚಿತ್ರ ಅನಿಸಿದರೂ ಆ ಹೆಸರನ್ನು ಬಿಡಿಸಿ ಓದಬಹುದು. ಇಎನ್ ಅಂದ್ರೆ ಈಥರ್‌ನೆಟ್. ಒ ಬಂದರೆ ಬೋರ್ಡಿನ ಮೇಲಿನ ಪೋರ್ಟು, ಅದರ ಮುಂದಿನ ನಂಬರನ್ನು ಫರ್ಮ್‌ವೇರೇ ಹೇಳುತ್ತೆ. ಪಿ3 ಅಂದ್ರೆ ಪಿಸಿಐ ಬಸ್ 3, ಎಸ್0 ಅಂದ್ರೆ ಅಲ್ಲಿನ 0ನೇ ಸಾಧನ, ಎಫ್1 ಅಂದ್ರೆ ಆ ಕಾರ್ಡಿನ ಎರಡನೇ ಪೋರ್ಟು. ಅಂದ್ರೆ ಇಎನ್‌ಪಿ3ಎಸ್0ಎಫ್1 ಅನ್ನೋದು ಓಣಿ, ಮನೆ, ಖೋಲಿ ಸಮೇತ ವಿಳಾಸ. ಯಾವ ಡ್ರೈವರ್ ಮೊದಲು ಎದ್ದರೂ ಈ ವಿಳಾಸ ಅದೇ ಇರುತ್ತೆ. ನಾವು ಆ ಒಂದು ಸಾಲು ಸೇರಿಸದೇ ಇದ್ದಿದ್ದರೆ ಅವತ್ತು ಏನೂ ಆಗ್ತಿರಲಿಲ್ಲ.

ಇದಕ್ಕೆ ಗೆಳೆಯರು ಹೇಳೋ ಆಕ್ಷೇಪ ಮೂರು.

ಒಂದು, "ಇಷ್ಟುದ್ದ ಹೆಸರು ಯಾರು ನೆನಪಿಡ್ತಾರ್ಲೇ?" ಇದು ಖರೇ. ಲಿನಕ್ಸಿನಲ್ಲಿ ಪೋರ್ಟಿನ ಹೆಸರು 15 ಅಕ್ಷರ ದಾಟುವಂತಿಲ್ಲ. ಉದ್ದ ಹೆಸರಿನ ಮುಂದೆ ಚುಕ್ಕೆ ಇಟ್ಟು ವಿಲ್ಯಾನ್ ನಂಬರ್ ಸೇರಿಸೋಕೆ ಹೋದಾಗ ಜಾಗ ಸಾಲದೇ ಹೋಗೋದೂ ಉಂಟು. ಅದಕ್ಕೆ ಔಷಧ ಈಥ್0 ಅಲ್ಲ, ನಾವೇ ಇಡೋ ಹೆಸರು. ಅದನ್ನು ಮುಂದೆ ಹೇಳ್ತೀವಿ.

ಎರಡು, "ನನ್ನ ವರ್ಚುವಲ್ ಮಷೀನಿನಲ್ಲಿ ಇರೋದೇ ಒಂದು ಕಾರ್ಡು." ಹಾಗಿದ್ದರೆ ಏನಾದರೂ ಇಟ್ಟುಕೊಳ್ಳಿ. ಒಬ್ಬನೇ ಇರೋ ಮನೆಯಲ್ಲಿ ಹೆಸರು ಕೂಗೋ ಅಗತ್ಯ ಇಲ್ಲ. ಕಂಟೇನರ್ ಒಳಗೂ ಸಾಮಾನ್ಯವಾಗಿ ಈಥ್0 ಇರುತ್ತೆ, ಅದರಿಂದ ತೊಂದರೆ ಇಲ್ಲ. ನಾವು ಹೇಳ್ತಿರೋದು ಎರಡು, ನಾಲ್ಕು ಪೋರ್ಟಿನ ಯಂತ್ರಗಳ ಮಾತು.

ಮೂರನೇದು ಗಟ್ಟಿ ಆಕ್ಷೇಪ. "ಆ ಹೊಸ ಹೆಸರೂ ಬದಲಾಗ್ತಾವ." ಹೌದು, ಆಗ್ತಾವೆ. ಹೊಸ ಕಾರ್ಡೊಂದನ್ನು ಇನ್ನೊಂದು ಸ್ಲಾಟಿಗೆ ಹಾಕಿದರೆ ಬಸ್ ನಂಬರುಗಳು ಮುಂದೆ ಸರಿದು ಪಿ3 ಇದ್ದದ್ದು ಪಿ4 ಆಗಬಹುದು. ಫರ್ಮ್‌ವೇರ್ ಅಪ್‌ಡೇಟ್‌ನಿಂದಲೂ ಆಗಬಹುದು. ಸಿಸ್ಟಮ್‌ಡಿಯವರೇ ಹೆಸರಿಡೋ ನಿಯಮ ತಿದ್ದಿದ್ದರಿಂದ ಹೊಸ ಆವೃತ್ತಿಗೆ ಹೋದಾಗ ಕೆಲವು ಕಾರ್ಡುಗಳ ಹೆಸರಿನ ಕೊನೆಗೆ ಎನ್‌ಪಿ0 ಅಂತ ಬಾಲ ಬಂದದ್ದೂ ಇದೆ.

ಇಲ್ಲಿ ಬೀಳಗಿಯವನ ಮಾತು ನೆನಪಾಗುತ್ತೆ. ಆ ತಾಲೂಕಿನ ಎಷ್ಟೋ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದಾಗ ಊರಿನ ಹೆಸರನ್ನೂ ಜೊತೆಗೆ ತಂದರು. ಅಲ್ಲಿ ಹೆಸರು ಜಾಗಕ್ಕೆ ಅಂಟಲಿಲ್ಲ, ಜನಕ್ಕೆ ಅಂಟಿತು. ಪೋರ್ಟಿಗೂ ಈ ಎರಡು ದಾರಿ ಇವೆ. ಬಸ್ ನಂಬರಿನ ಹೆಸರು ಜಾಗಕ್ಕೆ ಅಂಟಿದ್ದು. ಕಾರ್ಡ್ ಸುಟ್ಟು, ಅದೇ ಸ್ಲಾಟಿಗೆ ಅಂಥದೇ ಹೊಸದು ಹಾಕಿದರೆ ಹೆಸರು ಅದೇ ಇರುತ್ತೆ. ಮ್ಯಾಕ್ ವಿಳಾಸ ನೋಡಿ ಇಟ್ಟ ಹೆಸರು ಕಾರ್ಡಿಗೆ ಅಂಟಿದ್ದು. ಕಾರ್ಡನ್ನು ಯಾವ ಸ್ಲಾಟಿಗೆ ಹಾಕಿದರೂ ಹೆಸರು ಜೊತೆಗೆ ಹೋಗುತ್ತೆ, ಆದರೆ ಕಾರ್ಡ್ ಸತ್ತರೆ ಹೊಸದರ ವಿಳಾಸವನ್ನು ಫೈಲಿನಲ್ಲಿ ನಾವೇ ತಿದ್ದಬೇಕು. ಕಾರ್ಡುಗಳನ್ನು ಮೇಲಿಂದ ಮೇಲೆ ಬದಲಿಸೋ ಕಡೆ ಮೊದಲನೇದು ವಾಸಿ. ನಮ್ಮ ಕಡೆ ಕಾರ್ಡ್ ಬದಲಿಸೋದು ಅಪರೂಪ. ಹಳೇ ಯಂತ್ರದ ಕಾರ್ಡ್ ಕಿತ್ತು ಹೊಸದಾಗಿ ಸೇರಿಸೋದೇ ಜಾಸ್ತಿ. ಹೀಗಾಗಿ ನಾವು ಎರಡನೇ ದಾರಿ ಆರಿಸಿಕೊಂಡೆವು.

ಮಾಡಿದ್ದು ಇಷ್ಟೇ. ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಪೋರ್ಟಿಗೊಂದರಂತೆ ಲಿಂಕ್ ಫೈಲ್. ಒಳಗೆ ನಾಲ್ಕೇ ಸಾಲು: 'ಈ ಮ್ಯಾಕ್ ವಿಳಾಸದ ಕಾರ್ಡಿಗೆ ಈ ಹೆಸರು' ಅನ್ನೋ ಅರ್ಥದವು. ಕಾಲೇಜಿನ ಕಡೆ ಹೋಗೋವಕ್ಕೆ ಕಾಲೇಜ್0, ಕಾಲೇಜ್1. ಲ್ಯಾಬಿನದಕ್ಕೆ ಲ್ಯಾಬ್0. ಏನು ಕೆಲಸವೋ ಅದೇ ಹೆಸರು. ಎರಡು ಎಚ್ಚರಿಕೆ ಮಾತ್ರ ಬೇಕು. ನೀವೇ ಹೆಸರಿಡುವಾಗ ಈಥ್ ಅಂತ ಶುರು ಮಾಡಬೇಡಿ, ಅದು ಕರ್ನಲ್ ತಾನೇ ಹಂಚೋ ಹೆಸರು, ಮತ್ತೆ ಜಗಳ ಹತ್ತುತ್ತೆ. ಇನ್ನು, ಬಾಂಡ್ ಆದ ಮೇಲೆ ಅದರೊಳಗಿನ ಎರಡೂ ಪೋರ್ಟು ಸಾಮಾನ್ಯವಾಗಿ ಒಂದೇ ಮ್ಯಾಕ್ ವಿಳಾಸ ತೋರಿಸ್ತಾವೆ. ಆ ವಿಳಾಸ ನೋಡಿ ಬರೆದುಕೊಂಡರೆ ಮೋಸ ಹೋಗ್ತೀರಿ. ಕಾರ್ಡಿನ ಮೂಲ ವಿಳಾಸ, ಅಂದ್ರೆ ಪರ್ಮನೆಂಟ್ ಮ್ಯಾಕ್, ಇಥ್‌ಟೂಲ್‌ನಲ್ಲಿ ಸಿಗುತ್ತೆ. ಅದನ್ನೇ ಹಾಕಬೇಕು.

ಇಥ್‌ಟೂಲ್‌ನಲ್ಲಿ ಐಡೆಂಟಿಫೈ ಅಂತ ಇನ್ನೊಂದು ಆಯ್ಕೆ ಇದೆ. ಹೆಸರು ಕೊಟ್ಟರೆ ಆ ಪೋರ್ಟಿನ ದೀಪ ಮಿಣುಕುತ್ತೆ. ಅವತ್ತು ಇದು ನೆನಪಿದ್ದಿದ್ದರೆ ಕಾಕಾಗೆ "ದೀಪ ಮಿಣಕೋ ವಾಯರ್ ತಗೀರಿ" ಅಂದರೆ ಮುಗೀತಿತ್ತು. ಎಲ್ಲ ಡ್ರೈವರುಗಳಲ್ಲಿ ನಡೆಯಲ್ಲ, ಆದರೆ ಸರ್ವರ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ನಡೆಯುತ್ತೆ.

ಈಗ ಬಾಂಡಿಂಗ್. ಅವತ್ತು ನಮ್ಮನ್ನು ಹೆಚ್ಚು ದಾರಿ ತಪ್ಪಿಸಿದ್ದು ಇದೇ.

ರಬಕವಿ ಬೇರೆ ಊರು, ಬನಹಟ್ಟಿ ಬೇರೆ ಊರು, ಆದರೆ ನಗರಸಭೆ ಒಂದೇ. ಬಾಂಡ್ ಕೂಡ ಹಾಗೇ. ಒಳಗೆ ಎರಡು ಪೋರ್ಟು, ಹೊರಗಿನವರಿಗೆ ಒಂದೇ ವಿಳಾಸ. ಈ ವಿಚಾರ ಹಳೇದು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ 16 ಸಾಮಾನ್ಯ 486 ಕಂಪ್ಯೂಟರುಗಳನ್ನು ಕೂಡಿಸಿ ಬೇವುಲ್ಫ್ ಅನ್ನೋ ಕ್ಲಸ್ಟರ್ ಕಟ್ಟಿದರು. 10 ಮೆಗಾಬಿಟ್ಟಿನ ಒಂದು ಈಥರ್‌ನೆಟ್ ಸಾಲದೆ ಎರಡನ್ನು ಜೋಡಿಸಿದರು. ಇವತ್ತಿನ ಲಿನಕ್ಸ್ ಬಾಂಡಿಂಗ್ ಡ್ರೈವರಿನ ಮೂಲ ಬೆಕರ್ ಅವರ ಆ ಕೆಲಸವೇ.

ಇವತ್ತು ಅದರಲ್ಲಿ 0ಯಿಂದ 6ರವರೆಗೆ ಏಳು ಮೋಡ್ ಇವೆ. ನಮಗೆ ಬೇಕಾಗೋದು ಹೆಚ್ಚಾಗಿ ಎರಡು. ಮೋಡ್ 1, ಆಕ್ಟಿವ್-ಬ್ಯಾಕಪ್: ಒಂದು ಪೋರ್ಟು ದುಡಿಯುತ್ತೆ, ಇನ್ನೊಂದು ಕಾಯುತ್ತೆ. ಎಂಥ ಸ್ವಿಚ್ ಇದ್ದರೂ ನಡೆಯುತ್ತೆ. ಮೋಡ್ 4, ಎಲ್‌ಎಸಿಪಿ: ಎರಡೂ ದುಡೀತಾವೆ, ಸ್ವಿಚ್ಚಿನ ಕಡೆಯೂ ಅದನ್ನು ಹೊಂದಿಸಬೇಕು. ವೈವಾದಲ್ಲಿ ನಾವೆಲ್ಲ ತಪ್ಪು ಹೇಳೋದು ಇಲ್ಲೇ. "ಒಂದು ಗಿಗಾಬಿಟ್ಟಿನ ಎರಡು ಪೋರ್ಟು ಬಾಂಡ್ ಮಾಡಿದರೆ ಫೈಲ್ ಕಾಪಿ ಎರಡು ಪಟ್ಟು ಜೋರು ಆಗುತ್ತೆ." ಆಗಲ್ಲ. ಬನಹಟ್ಟಿಯವಳ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಒಂದು ಸೀರೆ ಆಗೋ ಹೊತ್ತಿಗೆ ಎರಡು ಸೀರೆ ಆಗ್ತಾವೆ, ಆದರೆ ಒಂದೇ ಸೀರೆ ಅರ್ಧ ಹೊತ್ತಿನಲ್ಲಿ ಆಗಲ್ಲ. ಎಲ್‌ಎಸಿಪಿಯಲ್ಲೂ ಒಂದು ಟಿಸಿಪಿ ಸಂಪರ್ಕ ಒಂದೇ ಪೋರ್ಟಿನಲ್ಲಿ ಹೋಗುತ್ತೆ. ಲಾಭ ಸಿಗೋದು ಬಹಳ ಜನ ಒಟ್ಟಿಗೆ ಬಂದಾಗ.

ನಮ್ಮದು ಮೋಡ್ 1. ಅವತ್ತು ಅದರೊಳಗೆ ಸೇರಿದ ಹೊಸ ಈಥ್0 ಲ್ಯಾಬಿನ ಸ್ವಿಚ್ಚಿಗೆ ಹೋಗಿತ್ತು, ಹೊಸ ಈಥ್1 ಖಾಲಿ. ಒಂದರಲ್ಲಿ ದೀಪ ಉರೀತಿತ್ತಲ್ಲ, ಬಾಂಡಿಗೆ ಅಷ್ಟೇ ಸಾಕಾಯಿತು. ನಾವು ಇಟ್ಟಿದ್ದ ಎಂಐಐ ತಪಾಸಣೆ 100 ಮಿಲಿಸೆಕೆಂಡಿಗೊಮ್ಮೆ ನೋಡೋದು ಕೇಬಲ್ಲಿನಲ್ಲಿ ಜೀವ ಇದೆಯೋ ಇಲ್ಲವೋ ಅನ್ನೋದನ್ನಷ್ಟೇ. ಆಚೆ ತುದಿಯಲ್ಲಿ ಯಾರಿದ್ದಾರೆ ಅಂತ ಅದು ಕೇಳಲ್ಲ. ಬದಲಿಗೆ ಎಆರ್‌ಪಿ ತಪಾಸಣೆ ಇಟ್ಟು, ಕಾಲೇಜಿನ ಗೇಟ್‌ವೇ ವಿಳಾಸ ಕೊಟ್ಟಿದ್ದರೆ, ಲ್ಯಾಬಿನ ಕಡೆಯಿಂದ ಉತ್ತರ ಬರದೆ ಬಾಂಡ್ 'ಡೌನ್' ಅಂತ ತಾನೇ ಹೇಳ್ತಿತ್ತು. ಅದು ಮೋಡ್ 4ರಲ್ಲಿ ನಡೆಯಲ್ಲ, ಆದರೆ ನಮ್ಮ ಮೋಡ್ 1ರಲ್ಲಿ ನಡೆಯುತ್ತೆ. ಈಗ ಹಾಗೇ ಇಟ್ಟಿದ್ದೀವಿ.

ಇನ್ನೊಂದು ನಾಚಿಕೆಯ ವಿಷಯ. ಬಾಂಡಿನ ಎರಡೂ ಕೇಬಲ್ಲು ಒಂದೇ ಸ್ವಿಚ್ಚಿಗೆ ಹೋಗ್ತಿದ್ದವು. 2019ರ ಆಗಸ್ಟಿನಲ್ಲಿ ಘಟಪ್ರಭಾ, ಕೃಷ್ಣಾ ಎರಡೂ ಉಕ್ಕಿ ಬಂದದ್ದನ್ನು ನಮ್ಮ ತಾಲೂಕುಗಳ ಯಾರೂ ಮರೆತಿಲ್ಲ. ಊರಿಗೆ ಎರಡು ರಸ್ತೆ ಇದ್ದು, ಎರಡೂ ಒಂದೇ ಸೇತುವೆ ದಾಟಬೇಕಾದರೆ, ಸೇತುವೆ ಮುಳುಗಿದ ದಿನ ಆ ಊರಿಗೆ ರಸ್ತೆಯೇ ಇಲ್ಲ. ಒಂದೇ ಸ್ವಿಚ್, ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಬಾಂಡ್ ಕಥೆಯೂ ಅಷ್ಟೇ. ಎರಡನೇ ಸ್ವಿಚ್ ಕೊಳ್ಳೋಕೆ ದುಡ್ಡಿಲ್ಲದಿದ್ದರೆ ಪರವಾಗಿಲ್ಲ, ಆದರೆ ಉಳಿದದ್ದು ಕೇಬಲ್ ಮತ್ತು ಪೋರ್ಟಿನ ರಕ್ಷಣೆ ಮಾತ್ರ ಅಂತ ಗೊತ್ತಿರಬೇಕು.

"ಇಷ್ಟು ಸಣ್ಣದಕ್ಕೆ ಇಷ್ಟೊಂದು ಯಾಕೆ?" ಅಂತ ಕೇಳಬಹುದು. ನಮ್ಮಲ್ಲಿ ಎಲ್ಲರೂ ಬೆಂಗಳೂರಿಗೆ ಹೋಗಲ್ಲ. ಕೆಲವರು ಊರಿಗೇ ಮರಳಿ ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಆಸ್ಪತ್ರೆಗಳ ಯಂತ್ರ ನೋಡಿಕೊಳ್ತೀವಿ. ಅಲ್ಲಿ ಐವತ್ತು ಜನರ ಐಟಿ ತಂಡ ಇರಲ್ಲ. ಇರೋದು ಒಬ್ಬ, ಅವನೂ ಅವತ್ತು ರಜೆ ಮೇಲೆ. ಹಂಗಾಮಿನಲ್ಲಿ ಕಾರ್ಖಾನೆಯ ತೂಕದ ಕಾಟಾದ ಸರ್ವರ್ ಅರ್ಧ ದಿನ ನಿಂತರೆ ಹೊರಗೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತೆ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುತ್ತೆ, ನಷ್ಟ ರೈತನದು. ಆ ರೈತ ನಮ್ಮಪ್ಪನೋ ಕಾಕಾನೋ ಆಗಿರ್ತಾನೆ. ಫೋನಿನಲ್ಲಿ "ಯಾವ ವಾಯರ್ ತಗೀಲಿ?" ಅಂತ ಕೇಳಿದವನಿಗೆ ಸರಿಯಾದ ಉತ್ತರ ಕೊಡೋ ಹಾಗೆ ಯಂತ್ರವನ್ನು ಇಟ್ಟಿರಬೇಕಾದದ್ದು ನಮ್ಮ ಕೆಲಸ.

ಅದಕ್ಕೆ ವಿಭಾಗಕ್ಕೂ ಜೂನಿಯರ್ಸ್‌ಗೂ ನಮ್ಮ ಕೋರಿಕೆ ಮೂರು. ಲ್ಯಾಬ್ ಮ್ಯಾನ್ಯುಯಲ್ಲಿನಲ್ಲಿ ಈಥ್0 ಅಂತ ಕಣ್ಣುಮುಚ್ಚಿ ಬರೆಯೋದು ನಿಲ್ಲಲಿ. ಮೊದಲ ಪ್ರಯೋಗವೇ 'ನಿಮ್ಮ ಯಂತ್ರದ ಪೋರ್ಟಿನ ಹೆಸರು ಕಂಡುಹಿಡಿಯಿರಿ, ಅದನ್ನು ಬಿಡಿಸಿ ಓದಿ' ಅಂತ ಇರಲಿ. ಬಾಂಡಿಂಗ್ ಪ್ರಯೋಗದಲ್ಲಿ ಕಾನ್ಫಿಗರ್ ಮಾಡಿ ಸ್ಕ್ರೀನ್‌ಶಾಟ್ ಅಂಟಿಸಿದರೆ ಅಂಕ ಕೊಡಬೇಡಿ. ಪಿಂಗ್ ಓಡಿಸಿಟ್ಟು ಒಂದು ಕೇಬಲ್ ಕಿತ್ತು, ಎಷ್ಟು ಪ್ಯಾಕೆಟ್ ಹೋದವು ಅಂತ ಎಣಿಸಿ ಬರೆದವರಿಗೆ ಕೊಡಿ. ಸರ್ವರ್ ಸಿಗದಿದ್ದರೆ ವರ್ಚುವಲ್‌ಬಾಕ್ಸಿನಲ್ಲಿ ಎರಡು ಕಾರ್ಡ್ ಹಾಕಿ, 'ಕೇಬಲ್ ಕನೆಕ್ಟೆಡ್' ಅನ್ನೋ ಟಿಕ್ ತೆಗೆದರೂ ಇದೇ ಪ್ರಯೋಗ ಆಗುತ್ತೆ. ಮೂರನೇದು, ಪ್ರತಿ ಸರ್ವರ್ ಪಕ್ಕ ಒಂದು ಹಾಳೆ: ಪೋರ್ಟಿನ ಹೆಸರು, ಮೂಲ ಮ್ಯಾಕ್, ಯಾವ ಸ್ವಿಚ್, ಎಷ್ಟನೇ ಪೋರ್ಟು.

ನಮ್ಮ ಸರ್ವರಿನಲ್ಲಿ ಆ ಸಾಲು ತೆಗೆದಾಗಿದೆ. ಸ್ಕ್ರಿಪ್ಟ್ ತಿದ್ದೋಕೆ ಒಂದು ಮಧ್ಯಾಹ್ನ ಹಿಡೀತು, ಅಷ್ಟೇ. ಟೇಪ್ ಕಿತ್ತು ಹೊಸ ಚೀಟಿ ಅಂಟಿಸಿದ್ದೀವಿ, ಈ ಸಲ ಕನ್ನಡದಲ್ಲಿ. ಬರೋ ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ, ನಿಮ್ಮ ಕೈಯಿಂದಲೇ ಕೇಬಲ್ ಕೀಳಿಸ್ತೀವಿ. ಯಾವುದನ್ನು ಕೀಳಬೇಕು ಅಂತ ಕಾಕಾ ಹೇಳ್ತಾರೆ.